ಹೊಳೆಗೆ ಬಿಟ್ಟ ತಮ್ಮ

ಹಗಲೆಲ್ಲ ಕೂಸು ಬಂಗಾರದಂಥದ್ದು. ಹಾಲು ಕುಡಿಯುತ್ತಿತ್ತು, ನಿದ್ದೆ ಮಾಡುತ್ತಿತ್ತು, ಎಚ್ಚರವಾದರೆ ಸೂರಿನ ಹಲ್ಲಿಯನ್ನು ನೋಡುತ್ತ ತನ್ನ ಪಾಡಿಗೆ ಕೈಕಾಲು ಆಡಿಸುತ್ತಿತ್ತು. ಮುಸ್ಸಂಜೆಯ ಬಾಂಗು ಕೇಳುತ್ತಿದ್ದಂತೆ ಅದಕ್ಕೆ ಏನಾಗುತ್ತಿತ್ತೋ, ಮೈಯೆಲ್ಲ ಸೆಟೆದು, ಮುಷ್ಟಿ ಬಿಗಿಹಿಡಿದು, ಉಸಿರು ಕಟ್ಟುವ ಹಾಗೆ ಅಳುತ್ತಿತ್ತು. ಹಸಿವಿನ ಅಳು ಯಾವುದು, ಹೊಟ್ಟೆನೋವಿನ ಅಳು ಯಾವುದು ಎಂಬುದು ವೆನಿಂಗ್‌ಗೆ ಎರಡೇ ವಾರದಲ್ಲಿ ಗೊತ್ತಾಗಿಹೋಗಿತ್ತು. ಇದು ಅವೆರಡೂ ಅಲ್ಲ. ಹಿತ್ತಿಲಾಚೆಯಿಂದ ಯಾರೋ ಕರೆದದ್ದಕ್ಕೆ ಓಗೊಟ್ಟ ಹಾಗಿತ್ತು.

ಹಾಗೆಂದು ಒಮ್ಮೆ ಬಾಯಿಬಿಟ್ಟು ಹೇಳಿ ಅತ್ತೆಯಿಂದ ಬೈಸಿಕೊಂಡಿದ್ದಳು.

“ಬಾಣಂತಿ ಬಾಯಲ್ಲಿ ಬರೋ ಮಾತಾ ಇದು? ಹೊತ್ತು ಮುಳುಗೋವಾಗ ಏನೇನೋ ಅಡ್ಡಾಡ್ತಿರ್ತವೆ. ಬಾಗಿಲು ಹಾಕು ಮೊದ್ಲು” ಎಂದು ಸುರಾತಿ ತಾನೇ ಎದ್ದು ಹೋಗಿ ಹಿತ್ತಿಲ ಬಾಗಿಲಿಗೆ ಅಗುಳಿ ಜಡಿದಿದ್ದಳು. ಆಮೇಲೆ ಒಂದು ದಿನವೂ ಆ ಬಾಗಿಲು ಮುಸ್ಸಂಜೆಯಲ್ಲಿ ತೆರೆದಿದ್ದಿಲ್ಲ.

ಹಿತ್ತಿಲಾಚೆ ಇದ್ದದ್ದು ಬ್ರಾಂತಸ್ ಹೊಳೆ. ಕೆಡುಂಗ್‌ಸಾರಿ ಎಂಬ ಆ ಊರಿನ ಮನೆಗಳೆಲ್ಲ ಹೊಳೆಗೆ ಬೆನ್ನು ಹಾಕಿ ನಿಂತಿವೆ. ಮುಂಬಾಗಿಲು ರಸ್ತೆಗೆ, ನೆಂಟರಿಗೆ, ಮರ್ಯಾದೆಗೆ. ಹಿಂಬಾಗಿಲು ಮನೆಗೆ ಬೇಡವಾದದ್ದಕ್ಕೆ. ವೆನಿಂಗ್ ಹುಟ್ಟಿ ಬೆಳೆದದ್ದು ದಕ್ಷಿಣದ ಸುಣ್ಣಕಲ್ಲಿನ ಗುಡ್ಡಗಳಲ್ಲಿ, ಎರಡು ಕೊಡ ನೀರಿಗೆ ಒಂದು ಗುಡ್ಡ ಇಳಿದು ಹತ್ತಬೇಕಾದ ಊರಿನಲ್ಲಿ. ಇಷ್ಟು ದೊಡ್ಡ ಹೊಳೆಯನ್ನು ಇಟ್ಟುಕೊಂಡವರು ಅದರ ಕಡೆ ತಿರುಗಿಯೂ ನೋಡುವುದಿಲ್ಲವಲ್ಲ ಎಂದು ಮದುವೆಯಾಗಿ ಬಂದ ಹೊಸದರಲ್ಲಿ ಅವಳಿಗೆ ಸೋಜಿಗವಾಗಿತ್ತು.

ಹೆರಿಗೆಗೆ ಮುಂಚೆ ಅವಳ ತಾಯಿ ಗುಡ್ಡದಿಂದ ಒಂದು ಗಂಟು ಕಳಿಸಿದ್ದಳು. ತಾನು ವೆನಿಂಗ್‌ಳನ್ನು ಹೆತ್ತಾಗ ಉಟ್ಟಿದ್ದ ಬಾತಿಕ್ ಬಟ್ಟೆ ಅದು. ಕಂದು ಬಣ್ಣದ ಮೇಲೆ ತಾಳೆಹಣ್ಣಿನ ನಾಲ್ಕು ಹೋಳುಗಳ ಚಿತ್ತಾರ. ಒಗೆದೂ ಒಗೆದೂ ಬೆಣ್ಣೆಯಂತಾಗಿತ್ತು. ಅದನ್ನು ಹನ್ನೆರಡು ಚೌಕ ಮಾಡಿ, ಅಂಚು ಹೊಲಿದು, ಕೂಸಿನ ಲಂಗೋಟಿಗೆಂದು ಮಡಿಸಿ ಇಟ್ಟಿದ್ದಳು. ಗಂಟು ಬಿಚ್ಚಿದಾಗ ಅಮ್ಮನ ಮನೆಯ ಹೊಗೆಯ ವಾಸನೆ ಬಂದು ವೆನಿಂಗ್ ಅದಕ್ಕೆ ಮುಖ ಒತ್ತಿಕೊಂಡು ಅತ್ತಿದ್ದಳು. ಹೆರಿಗೆಯ ದಿನ ಹತ್ತಿರವಾದ ಹುಡುಗಿಗೆ ಅಳಲು ಅಷ್ಟು ಸಾಕು.

ಆ ಹನ್ನೆರಡರಲ್ಲಿ ಮೊದಲನೆಯ ಚೌಕ ಕೂಸಿಗೆ ಸಿಗಲಿಲ್ಲ, ಕೂಸಿನ ತಮ್ಮನಿಗೆ ಹೋಯಿತು.

ಕೂಸು ಒಂಟಿಯಾಗಿ ಬರುವುದಿಲ್ಲವಲ್ಲ. ಮೊದಲು ಒಡೆದು ಬರುವ ನೀರು ಅದರ ಅಣ್ಣ, ಹಿಂದಿನಿಂದ ಬರುವ ಮಾಸು ಅದರ ತಮ್ಮ. ಅಣ್ಣ ನಿಲ್ಲದೆ ಹರಿದುಹೋಗುತ್ತಾನೆ. ತಮ್ಮನಿಗೆ ಮಾತ್ರ ಜಾಗ ತೋರಿಸಬೇಕು. ಅವನು ನೆಮ್ಮದಿಯಾಗಿದ್ದರೆ ಕೂಸೂ ನೆಮ್ಮದಿ. ಅವನಿಗೆ ಉಸಿರು ಕಟ್ಟಿದರೆ ಕೂಸಿಗೂ ಕಟ್ಟುತ್ತದೆ. ಗುಡ್ಡದವರು ತಮ್ಮನನ್ನು ಹೊಸಿಲ ಪಕ್ಕ ಹೂತು, ಮೇಲೆ ದೀಪ ಹಚ್ಚಿಡುತ್ತಾರೆ. ಹೊಳೆಯವರು ಮಡಿಕೆಯಲ್ಲಿಟ್ಟು ಹೊಳೆಗೆ ಬಿಡುತ್ತಾರೆ, ಅವನು ಸಮುದ್ರ ಸೇರಿ ಅಲ್ಲಿಂದ ಕೂಸನ್ನು ಕಾಯುತ್ತಾನೆ. ವೆನಿಂಗ್‌ಗೆ ಹೂಳುವ ಆಸೆಯಿತ್ತು. ಸುರಾತಿ ಒಪ್ಪಲಿಲ್ಲ.

“ನನ್ನ ಮೂರನ್ನೂ ಹೊಳೆಗೇ ಬಿಟ್ಟಿದ್ದು. ಈ ಮನೇಲಿ ಹಾಗೇ ಬಂದಿರೋದು” ಎಂದಳು. ಮಡಿಕೆಯ ಬಾಯಿಗೆ ಬಟ್ಟೆ ಬೇಕಾದಾಗ ವೆನಿಂಗ್ ಮಲಗಿದಲ್ಲಿಂದಲೇ ಕೈ ಚಾಚಿ ಅಮ್ಮನ ಬಾತಿಕ್ಕಿನ ಒಂದು ಚೌಕ ಕೊಟ್ಟಳು. ಅಷ್ಟಾದರೂ ಆಗಲಿ ಎಂದು. ಗಂಡ ಪ್ರಮೊನೊ ಅದನ್ನು ಕಟ್ಟಿ, ಮಡಿಕೆಯನ್ನು ಎದೆಗವಚಿಕೊಂಡು ಹಿಂಬಾಗಿಲಿನಿಂದ ಹೋದ. ಕಾಗದದ ಕಾರ್ಖಾನೆಯಲ್ಲಿ ಅವನಿಗೆ ಅಂದು ಮಧ್ಯಾಹ್ನದ ಪಾಳಿ. ಹೋದಷ್ಟೇ ಬೇಗ ವಾಪಸು ಬಂದ.

ಎಂಟನೆಯ ದಿನಕ್ಕೆ ಊರಿನ ಹೆಂಗಸರು ಕೂಸು ನೋಡಲು ಬಂದರು. ಹೊಸ ಬಾಣಂತಿಯ ಕೋಣೆ ಎಂದರೆ ಅವರಿಗೆ ಪುಕ್ಕಟೆ ಸಂತೆ. ಕೂಸಿನ ಮೂಗು, ಬಾಣಂತಿಯ ಮೊಲೆಹಾಲು, ಗೋಡೆಯ ಬಣ್ಣ, ಎಲ್ಲದಕ್ಕೂ ಒಂದೊಂದು ಮಾತು. ಊರಿನ ಮುಖ್ಯಸ್ಥನ ಹೆಂಡತಿ ರೇಷ್ಮೆಯಂಥ ಅಂಗಿ ತೊಟ್ಟು ಬಂದಿದ್ದಳು, ಕೂಸನ್ನು ಮಡಿಲಿಗೆ ತೆಗೆದುಕೊಂಡಳು. ಕೂಸು ತನಗೆ ತಿಳಿದ ಮರ್ಯಾದೆ ಮಾಡಿತು.

“ಅಯ್ಯಯ್ಯೋ! ಬಟ್ಟೇನಾ ಕಟ್ಟಿರೋದು? ಈ ಕಾಲದಲ್ಲಿ?” ಎಂದು ಆಕೆ ಎದ್ದು ನಿಂತಳು.

“ಗುಡ್ಡದ ಕಡೆಯೋರಲ್ವಾ, ಅಲ್ಲಿ ಹಂಗೇ” ಎಂದು ಇನ್ನೊಬ್ಬಳು ಸಮಾಧಾನ ಮಾಡುವವಳಂತೆ ಇರಿದಳು.

ನಾದಿನಿ ಯುಯುನ್‌ಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಅವಳದ್ದು ಫೋನಿನಲ್ಲೇ ಅಂಗಡಿ. ಮಕ್ಕಳ ಸಾಬೂನು, ಬಾಟಲಿ, ಅಂಗಿ, ಡಯಾಪರ್, ಎಲ್ಲ ಊರಿಗೆಲ್ಲ ಮಾರುವವಳು. ತನ್ನ ಅಣ್ಣನ ಮಗುವೇ ಬಟ್ಟೆ ಲಂಗೋಟಿಯಲ್ಲಿ ಸಿಕ್ಕಿಬಿದ್ದರೆ ಅಂಗಡಿಯ ಗತಿ ಏನು? ಹೆಂಗಸರು ಅತ್ತ ಹೋದದ್ದೇ ಅವಳು ಇತ್ತ ಹರಿಹಾಯ್ದಳು.

“ಅತ್ತಿಗೆ, ನಿಮಗೆ ಅಷ್ಟೂ ಗೊತ್ತಾಗಲ್ವಾ? ಅಪ್ಪ ಕಾರ್ಖಾನೇಲಿ ದುಡಿಯೋನು, ಮಗಳಿಗೊಂದು ಡಯಾಪರ್‌ಗೆ ಗತಿ ಇಲ್ವಾ ಅಂತ ಊರೆಲ್ಲ ಆಡ್ಕೊಳುತ್ತೆ. ಪಾಪ ಆ ಕೂಸು, ಒದ್ದೇಲಿ ಬಿದ್ದಿರುತ್ತೆ.”

“ಒದ್ದೆ ಆದ ತಕ್ಷಣ ತೆಗೀತೀನಲ್ಲ ಯುಯುನ್.”

“ತೆಗೀತೀರಿ, ಒಗೀತೀರಿ, ಒಣಗಿಸ್ತೀರಿ. ಆಮೇಲೆ ಹಾಲಿಲ್ಲ ಅಂತ ಅಳ್ತೀರಿ. ಪ್ರೀತಿ ಇರೋ ತಾಯಂದಿರು ಏನು ಮಾಡ್ತಾರೆ ಒಸಿ ನೋಡಿ” ಎಂದು ಫೋನನ್ನು ಮುಖಕ್ಕೆ ಹಿಡಿದಳು. ಅದರಲ್ಲಿ ನಗುವ ತಾಯಂದಿರು, ನಗುವ ಕೂಸುಗಳು, ಮೋಡದಷ್ಟು ಬಿಳಿಯ ಡಯಾಪರುಗಳು. ಯಾರ ಕಣ್ಣಡಿಯಲ್ಲೂ ಕಪ್ಪಿರಲಿಲ್ಲ. ವೆನಿಂಗ್ ತನ್ನ ಕಣ್ಣಡಿ ಮುಟ್ಟಿ ನೋಡಿಕೊಂಡಳು.

ಮಾರನೆಯ ದಿನ ಡಬ್ಬಗಳು ಬಂದವು. ಮೂವತ್ತೈದನೆಯ ದಿನದ ಶಾಸ್ತ್ರದಲ್ಲಿ ಕೂಸಿನ ಕೂದಲು ಕತ್ತರಿಸಿದಾಗ ಬಂದವರೆಲ್ಲ ಇನ್ನಷ್ಟು ಡಬ್ಬ ತಂದರು. ಯುಯುನ್ ಅವನ್ನು ಗೋಡೆಗೆ ಒಟ್ಟಿ, ಮುಂದೆ ಕೂಸನ್ನು ಮಲಗಿಸಿ, ಚಿತ್ರ ತೆಗೆದು ಅಂಗಡಿಗೆ ಹಾಕಿದಳು. ಕೂಸಿಗೆ ಅರುಮಿ ಎಂದು ಹೆಸರಿಟ್ಟಿದ್ದರು. ಊರವರ ಬಾಯಲ್ಲಿ ಅದು ಡಯಾಪರ್ ಕೂಸು ಆಯಿತು. ಕೋಣೆಗೆ ಕಿಟಕಿಯ ಬೆಳಕು ಬರುವುದೇ ಕಡಿಮೆಯಾಯಿತು.

ಕಟ್ಟುವುದು ಸುಲಭ, ಬಿಚ್ಚಿದ್ದನ್ನು ಏನು ಮಾಡುವುದು? ಸುರಾತಿಗೆ ಅದು ಪ್ರಶ್ನೆಯೇ ಅಲ್ಲ. ಒಲೆಗೆ ಹಾಕುವಂತಿಲ್ಲ, ಕಸದ ಗುಂಡಿಗೂ ಹಾಕುವಂತಿಲ್ಲ, ಗುಂಡಿಗೆ ಯಾರಾದರೂ ಬೆಂಕಿ ಇಟ್ಟರೆ? ಕೂಸಿನ ಮೈಗೆ ತಾಗಿದ್ದು ಬೆಂಕಿಗೆ ಬಿದ್ದರೆ ಕೂಸಿನ ಮೈ ಬೇಯುತ್ತದೆ. ಆ ಬೇನೆಗೆ ಅಲ್ಲಿಯವರು ಸುಲೆತೆನ್ ಎನ್ನುತ್ತಾರೆ. ಆ ಹೆಸರನ್ನು ಸುರಾತಿ ಜೋರಾಗಿ ಹೇಳುತ್ತಿರಲಿಲ್ಲ. ತಣ್ಣನೆಯ ನೀರಿಗೆ ಬಿಟ್ಟರೆ ಕೂಸೂ ತಣ್ಣಗಿರುತ್ತದೆ. ಅವಳು ಪ್ರತಿಯೊಂದನ್ನೂ ತಾನೇ ಜಾಲಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಬಾಯಿ ಬಿಚ್ಚಿಕೊಳ್ಳದ ಹಾಗೆ ಬಟ್ಟೆಯ ಪಟ್ಟಿಯಿಂದ ಬಿಗಿದು ಕಟ್ಟುತ್ತಿದ್ದಳು. ಸಂಜೆ ಬಾಂಗಿಗೆ ಮುಂಚೆ ಸೇತುವೆಗೆ ಹೋಗಿ “ತಣ್ಣಗೆ ಹೋಗು, ತಣ್ಣಗಿರು” ಎಂದು ಕೆಳಗೆ ಬಿಡುತ್ತಿದ್ದಳು. ಸೇತುವೆಯ ಮೇಲೆ ಅವಳೊಬ್ಬಳೇ ಅಲ್ಲ; ಮೋಟಾರು ಸೈಕಲ್ಲಿನವರು ಓಡಿಸುತ್ತಲೇ ಎಸೆಯುತ್ತಿದ್ದರು. ಅವರ ಬಾಯಲ್ಲಿ ಆ ಮಾತೂ ಇರುತ್ತಿರಲಿಲ್ಲ.

ನಲವತ್ತು ದಿನ ಕಳೆದ ಮೇಲೆ ಒಂದು ಸಂಜೆ ಸುರಾತಿಗೆ ಮಂಡಿನೋವು. ವೆನಿಂಗ್ ಮೊದಲ ಸಲ ಚೀಲ ಹಿಡಿದು ಸೇತುವೆಗೆ ಹೋದಳು. ಕಂಬಿಯ ಮೇಲೆತ್ತಿ ಹಿಡಿದಾಗಷ್ಟೇ ಅವಳ ಕಣ್ಣು ಆ ಪಟ್ಟಿಯ ಮೇಲೆ ಬಿತ್ತು. ಕಂದು ಬಣ್ಣ, ತಾಳೆಹಣ್ಣಿನ ಅರ್ಧ ಹೋಳು. ಅಷ್ಟರಲ್ಲಿ ಚೀಲ ಕೈಬಿಟ್ಟು ಕೆಳಗೆ ಬಿದ್ದಾಗಿತ್ತು.

ಮನೆಗೆ ಓಡಿ ಬಂದು ಗಂಟು ಬಿಚ್ಚಿದಳು. ಹನ್ನೊಂದು ಇರಬೇಕಾದಲ್ಲಿ ಎರಡೇ ಚೌಕ ಉಳಿದಿದ್ದವು.

“ಸುಮ್ನೆ ಬಿದ್ದಿತ್ತಲ್ಲ” ಎಂದಳು ಸುರಾತಿ, ಮಂಡಿಗೆ ಎಣ್ಣೆ ತಿಕ್ಕುತ್ತ. “ಹಳೇ ಬಟ್ಟೆ ಗಟ್ಟಿ, ಗಂಟು ಜಾರಲ್ಲ. ಏನಾಯ್ತೀಗ?”

“ಬು, ಅದು ಅಮ್ಮ ನನ್ನ ಹೆತ್ತಾಗ ಉಟ್ಟಿದ್ದು.”

ಸುರಾತಿಯ ಕೈ ನಿಂತಿತು. ಬು ಎಂದರೆ ತಾಯಿ, ಸೊಸೆಯೂ ಅತ್ತೆಯನ್ನು ಹಾಗೇ ಕರೆಯುವುದು. ಆದರೆ ಆ ಒಂದು ಮಾತಿನಲ್ಲಿ ಇಬ್ಬರು ತಾಯಂದಿರು ಎದುರುಬದುರಾದಂತಾಯಿತು. “ನೀನು ಹೇಳ್ಬೇಕಿತ್ತು ಮಗಳೇ” ಎಂದಳು. ಕೆಟ್ಟ ಹೆಂಗಸಲ್ಲ ಅವಳು. ಹೇಳದೆ ತಿಳಿಯುವವಳೂ ಅಲ್ಲ. ವೆನಿಂಗ್ ಉಳಿದ ಎರಡು ಚೌಕವನ್ನು ತಲೆದಿಂಬಿನ ಒಳಗೆ ತುರುಕಿಟ್ಟಳು.

ಅಂದಿನಿಂದ ಅವಳಿಗೆ ಹೊಳೆಯ ಕಡೆ ನೋಡದೆ ಇರಲಾಗಲಿಲ್ಲ. ಹಿತ್ತಿಲಿನಲ್ಲಿ ನಿಂತರೆ ಕಾಣುವಷ್ಟು ದೂರದಲ್ಲಿ ಸೇತುವೆ. ಅದರ ಈಚೆ ಜುಮಾಂಗಿನ್ ಎಂಬ ಮುದುಕ ಹಗ್ಗ ಎಳೆದು ತೆಪ್ಪ ದಾಟಿಸುತ್ತಿದ್ದ. ಅವನಿಗೆ ಮಾತಿಲ್ಲದಿದ್ದರೆ ತೆಪ್ಪವೇ ಮುಂದೆ ಹೋಗುತ್ತಿರಲಿಲ್ಲ.

“ಏನಮ್ಮ ನೋಡ್ತೀಯಾ? ಇವತ್ತು ಬೆಳಿಗ್ಗೆಯಿಂದ ಇನ್ನೂರು ಕೂಸು ತೇಲ್ಕೊಂಡು ಹೋದ್ವು” ಎಂದು ಒಮ್ಮೆ ಕೂಗಿದ. “ಒಂದಾದ್ರೂ ದಡ ಸೇರಿದ್ರೆ ಕೇಳು.”

ಅವನು ಚೀಲಗಳಿಗೆ ಕೂಸು ಎನ್ನುತ್ತಿದ್ದ. ಅದು ಅವನ ತಮಾಷೆ. ವೆನಿಂಗ್‌ಗೆ ನಗು ಬರಲಿಲ್ಲ. ನೀರು ಕುಡಿದು ಉಬ್ಬಿದ ಒಂದು ಗಂಟು ಅಷ್ಟರಲ್ಲೇ ಅವಳೆದುರು ಹಾದುಹೋಗುತ್ತಿತ್ತು, ನಡುವಿಗೆ ಕಂದು ಪಟ್ಟಿ ಬಿಗಿದುಕೊಂಡು, ಮೆಲ್ಲಗೆ ಮಗ್ಗುಲು ಬದಲಿಸುತ್ತ. ಸುತ್ತಿ ಮಲಗಿಸಿದ ಕೂಸು ಹಾಗೇ ಮಗ್ಗುಲಾಗುವುದು. ಅವಳ ಎದೆಯಲ್ಲಿ ಹಾಲು ತಾನಾಗಿ ಒಸರಿ ಕುಪ್ಪಸ ಒದ್ದೆಯಾಯಿತು. ಒಳಗೆ ಅರುಮಿ ಮಲಗಿದ್ದಳು, ಅತ್ತಿರಲಿಲ್ಲ. ಯಾರ ಹಸಿವಿಗೆ ಈ ಹಾಲು ಇಳಿಯಿತು?

ಗಂಡನನ್ನು ಕೇಳಿದಳು. ಅವನು ಪಾಳಿ ಮುಗಿಸಿ ಬಂದು ಊಟಕ್ಕೆ ಕುಳಿತಿದ್ದ.

“ಮಡಿಕೆಯನ್ನ ಎಲ್ಲಿ ಬಿಟ್ರಿ?”

“ಯಾವ ಮಡಿಕೆ?”

“ಅರುಮಿ ತಮ್ಮನ್ನ.”

“ಹೊಳೇಲಿ” ಎಂದ ಪ್ರಮೊನೊ. ಅನ್ನದಿಂದ ತಲೆ ಎತ್ತಲಿಲ್ಲ.

“ತೆಪ್ಪದಲ್ಲಿ ಹೋಗಿ ನಡುನೀರಿಗೆ ಬಿಡ್ಬೇಕು ಅಂದಿದ್ರು ಬು.”

“ಬಿಟ್ಟೆ ಅಂದ್ನಲ್ಲ. ಹೊಳೆ ಎಲ್ಲಿ ಬಿಟ್ರೂ ಹೊಳೆನೇ.” ಗಂಡಸರು ಸುಳ್ಳು ಹೇಳುವಾಗ ಇಷ್ಟು ಚೆನ್ನಾಗಿರುವ ಮಾತು ಹೇಳುತ್ತಾರೆ. ವೆನಿಂಗ್ ಆಮೇಲೆ ಕೇಳಲಿಲ್ಲ, ಆದರೆ ಆ ಮಾತು ಅವಳ ಹೊಟ್ಟೆಯಲ್ಲಿ ಕುಳಿತಿತು.

ಅರುಮಿಗೆ ಮೂರನೆಯ ತಿಂಗಳು ತುಂಬುವ ಹೊತ್ತಿಗೆ ಬೇಸಗೆ ಬಲಿತಿತ್ತು. ಸಂಜೆಯ ಅಳು ಹೆಚ್ಚಾಗಿ, ಕೂಸು ಅಳುವಾಗ ಮೊಲೆ ಬಾಯಿಗಿಟ್ಟರೂ ತಲೆ ಆಚೆ ತಿರುಗಿಸತೊಡಗಿತು, ಹಿತ್ತಿಲ ಬಾಗಿಲಿನ ಕಡೆಗೆ. ತೂಕ ನೋಡುವ ನರ್ಸಮ್ಮ ತಕ್ಕಡಿಯ ಮುಳ್ಳು ನೋಡಿ ತುಟಿ ಮುಂದೆ ಮಾಡಿದಳು. “ಹೋದ ತಿಂಗಳಿಗಿಂತ ಏರಿಲ್ಲವಲ್ಲ. ಮುಂದಿನ ತಿಂಗಳೂ ಹೀಗೇ ಆದ್ರೆ ದೊಡ್ಡಾಸ್ಪತ್ರೆಗೆ ಬರೆದುಕೊಡ್ತೀನಿ” ಎಂದಳು. ಹಾಲು ಸಾಲದು ಎಂದು ಊರು ತೀರ್ಮಾನಿಸಿತು. ಯುಯುನ್ ಡಬ್ಬದ ಹಾಲು ತಂದಿಟ್ಟಳು. ಸುರಾತಿ ಮಾತ್ರ “ತಡಿ, ಮೀನಿನ ಸಾರು ಇನ್ನೂ ಗಟ್ಟಿಯಾಗಿ ಮಾಡ್ತೀನಿ, ನನಗೂ ಅದೇ ಹಾಲು ತಂದದ್ದು” ಎಂದು ಜುಮಾಂಗಿನ್ ಹಿಡಿದ ದೊಡ್ಡ ಬಾದರ್ ಮೀನೊಂದನ್ನು ತರಿಸಿದಳು.

ಹಿತ್ತಿಲ ಕಲ್ಲಿನ ಮೇಲೆ ಅತ್ತೆ ಮೀನು ಸೀಳುತ್ತಿದ್ದಳು, ಸೊಸೆ ನೀರು ಹನಿಸುತ್ತಿದ್ದಳು. ಹೊಟ್ಟೆ ಬಿಚ್ಚಿದಾಗ ಕರುಳಿನ ಜೊತೆ ಇನ್ನೇನೋ ಜಾರಿ ಬಂತು. ನೆನೆಸಿದ ಸಬ್ಬಕ್ಕಿಯಂತೆ ಸ್ವಚ್ಛವಾಗಿ, ಪಾರದರ್ಶಕವಾಗಿ, ಒಂದು ಹಿಡಿ.

“ಮೊಟ್ಟೆ” ಎಂದಳು ಸುರಾತಿ.

ವೆನಿಂಗ್ ಬೆರಳಲ್ಲಿ ಒತ್ತಿ ನೋಡಿದಳು. ಮೊಟ್ಟೆಯಲ್ಲ. ದಿನಾ ಬೆಳಿಗ್ಗೆ ಅವಳ ಕೈಗೆ ಹತ್ತುತ್ತಿದ್ದದ್ದು ಇದೇ; ರಾತ್ರಿಯೆಲ್ಲ ಕಟ್ಟಿ ತುಂಬಿ ಒಡೆದ ಡಯಾಪರಿನಿಂದ ಕೂಸಿನ ತೊಡೆಗೆ ಅಂಟುತ್ತಿದ್ದ ಅದೇ ಕಾಳು.

ಅವಳು ಮೂರು ತಿಂಗಳಿಂದ ಈ ಹೊಳೆಯ ಮೀನಿನ ಸಾರು ಕುಡಿದಿದ್ದಳು. ಸಾರು ಹಾಲಾಗಿತ್ತು, ಹಾಲು ಕೂಸಿಗೆ ಹೋಗಿತ್ತು, ಕೂಸಿನದು ಚೀಲಕ್ಕೆ, ಚೀಲ ಹೊಳೆಗೆ, ಹೊಳೆಯದು ಮತ್ತೆ ಈ ಕಲ್ಲಿನ ಮೇಲೆ. ಅಲ್ಲೇ ಪಕ್ಕಕ್ಕೆ ಬಾಗಿ ವಾಂತಿ ಮಾಡಿಕೊಂಡಳು.

“ಇನ್ನು ಹೊಳೆಗೆ ಹಾಕಲ್ಲ ಬು” ಎಂದಳು ಬಾಯಿ ಒರೆಸಿಕೊಂಡು. “ಸುಟ್ಟುಬಿಡ್ತೀನಿ. ಎಲ್ಲಾನೂ.”

ಸುರಾತಿಯ ಕೈಯಿಂದ ಚೂರಿ ಬಿತ್ತು.

“ಸುಡ್ತೀಯಾ?” ಎಂದಳು. ಸ್ವರವೇ ಬೇರೆಯಾಗಿತ್ತು. “ನಾನೂ ಸುಟ್ಟಿದ್ದೆ ಕಣೇ. ಸುಗೆಂಗ್ ಅಂತ ಒಬ್ಬ ಇದ್ದ ನನಗೆ, ಯುಯುನ್ ಆದ್ಮೇಲೆ. ಐದು ತಿಂಗಳು. ಆ ವರ್ಷ ಮಳೆ ಬಿಡ್ಲೇ ಇಲ್ಲ, ಬಟ್ಟೆ ಒಣಗ್ಲಿಲ್ಲ. ಹೊಲಸು ಬಟ್ಟೆ ರಾಶಿ ಬಿದ್ದಿತ್ತು, ಬೇಜಾರಾಗಿ ಒಂದಷ್ಟನ್ನ ಒಲೆಗೆ ತುರುಕಿದೆ. ಮೂರನೇ ದಿನ ಅವನ ತೊಡೆಸಂದಿ ಕೆಂಪಾಯ್ತು. ಆಮೇಲೆ ಬೆನ್ನು. ಬಿಸಿನೀರು ಚೆಲ್ಲಿದ ಹಾಗೆ ಚರ್ಮ ಏಳ್ತಿತ್ತು, ಮೈ ಕೆಂಡ. ಎತ್ಕೊಂಡ್ರೆ ಅಳ್ತಿದ್ದ, ಮಲಗಿಸಿದ್ರೆ ಅಳ್ತಿದ್ದ. ಹತ್ತು ದಿನ. ಹನ್ನೊಂದನೇ ದಿನ ಅಳ್ಲಿಲ್ಲ.”

ವೆನಿಂಗ್ ನೀರಿನ ಚೊಂಬು ಕೆಳಗಿಟ್ಟಳು. ಮದುವೆಯಾಗಿ ಎರಡು ವರ್ಷ, ಆ ಮನೆಯಲ್ಲಿ ಯಾರೂ ಆ ಹೆಸರು ಹೇಳಿದ್ದಿಲ್ಲ.

“ಮೌಲ್ವಿಗಳು ಏನೇನೋ ಹೇಳಿದ್ರು, ಡಾಕ್ಟ್ರು ಇನ್ನೇನೋ ಹೇಳಿದ್ರು. ನನಗೆ ಸಮಾಧಾನ ಆಗಿದ್ದು ಒಂದೇ ಮಾತಿಂದ. ಅವನ ತಮ್ಮ ಸಮುದ್ರದಲ್ಲಿದ್ದ, ಒಬ್ಬನೇ ಇರೋಕಾಗದೆ ಕರ್ಕೊಂಡ. ಈಗ ಇಬ್ರೂ ಒಟ್ಟಿಗಿದಾರೆ, ತಣ್ಣಗೆ.” ಸುರಾತಿ ಸೊಸೆಯ ಮುಂಗೈ ಹಿಡಿದಳು, ಮೀನಿನ ರಕ್ತದ ಕೈಯಿಂದಲೇ. “ನಿನ್ನ ಕೂಸನ್ನ ಸುಡ್ಬೇಡ. ಕಾಲು ಹಿಡೀತೀನಿ.”

ವೆನಿಂಗ್ ಸುಡಲಿಲ್ಲ. ಹೊಳೆಗೂ ಹಾಕಲಿಲ್ಲ. ಎರಡು ದಿನದ ಚೀಲಗಳು ಹಿತ್ತಿಲ ಮೂಲೆಯಲ್ಲಿ ಬಿಸಿಲಿಗೆ ಉಬ್ಬಿ ಕುಳಿತವು, ನೊಣ ಕವಿಯಿತು. ಯುಯುನ್ ಮೂಗು ಮುಚ್ಚಿಕೊಂಡು “ಬಾಣಂತಿ ಸನ್ನಿ” ಎಂದಳು. ಮೂರನೆಯ ದಿನ ವೆನಿಂಗ್ ನಡುಹಗಲಿನಲ್ಲಿ ಹೊಳೆಯಂಚಿಗೆ ಇಳಿದಳು. ಯಾಕೆ ಇಳಿದೆ ಎಂದು ಕೇಳಿದ್ದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ.

ನೀರು ತೀರ ಇಳಿದಿತ್ತು. ಸೇತುವೆಯ ಕಂಬಗಳ ಪಾಚಿ ಒಣಗಿ ನಿಂತಿತ್ತು. ಮಳೆಗಾಲದಲ್ಲಿ ಬುಡಮೇಲಾಗಿ ಬಿದ್ದ ಬಿದಿರಿನ ಮೆಳೆಯೊಂದು ಮೊದಲ ಕಂಬಕ್ಕೆ ಸಿಕ್ಕಿಕೊಂಡು, ಇಷ್ಟು ದಿನ ನೀರಡಿಯಲ್ಲಿ ಇದ್ದದ್ದು, ಈಗ ಬೆನ್ನು ತೋರಿಸಿತ್ತು. ಅದರ ಮೈತುಂಬ ಚೀಲಗಳು. ಬಿಳಿ, ಕಪ್ಪು, ಕೆಂಪು ಚೀಲಗಳು ಒಂದರ ಮೇಲೊಂದು ಆಳೆತ್ತರ ಒಟ್ಟಿಕೊಂಡಿದ್ದವು. ಅಲ್ಲಲ್ಲಿ ಕಂದು ಪಟ್ಟಿ. ಜುಮಾಂಗಿನ್ ಕಂಡ ಕೂಸುಗಳು ನಡುನೀರಿಗೆ ಬಿದ್ದ ಕೆಲವು ಮಾತ್ರ. ಅಮ್ಮನ ಬಾತಿಕ್ಕಿನಿಂದ ಕಟ್ಟಿದ ಬಹುಪಾಲು ಗಂಟು ಇಲ್ಲೇ, ಮನೆಯ ಬೆನ್ನಿಗೇ, ಕೂತಿದ್ದವು.

“ಪಾ ಜುಮಾಂಗಿನ್, ಆ ಕೊಕ್ಕೆ ಕೊಡಿ” ಎಂದಳು, ಅಪ್ಪನನ್ನು ಕರೆಯುವ ಹಾಗೆ.

“ಯಾಕಮ್ಮಾ? ಹೊಲಸು. ನೀನು ಹಾಲೂಡಿಸೋಳು.”

“ಕೊಡಿ ಪಾ.”

ಅವಳ ಮುಖ ನೋಡಿ ಮುದುಕ ತಮಾಷೆ ಮಾಡಲಿಲ್ಲ. ಬಿದಿರಿನ ಉದ್ದ ಕೊಕ್ಕೆ ಕೊಟ್ಟು, ತಾನೂ ಪಂಚೆ ಎತ್ತಿಕಟ್ಟಿ ಜೊತೆಗೆ ಇಳಿದ.

ಕಂದು ಪಟ್ಟಿ ಹುಡುಕುತ್ತ ಅವಳು ಮೇಲಿನ ಚೀಲಗಳನ್ನೆಲ್ಲ ಎಳೆದಳು. ಪಟ್ಟಿ ಸಿಕ್ಕರೆ ಗಂಟು ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಚೀಲವನ್ನು ಮುದುಕನ ತೆಪ್ಪಕ್ಕೆ ಎಸೆದಳು. ವಾಸನೆಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಒಡೆದ ಚೀಲಗಳಿಂದ ಆ ಸಬ್ಬಕ್ಕಿ ಕಾಲಿಗೆ, ತೊಡೆಗೆ ಮೆತ್ತಿಕೊಂಡಿತು. ರಾಶಿಯ ಮೇಲಿನದು ತೆಗೆದಂತೆ ಕೆಳಗಿನದು ಹಳೆಯದು. ಅವಳ ಬಾಣಂತನವೇ ಹಿಂದುಮುಂದಾಗಿ ಬಿಚ್ಚಿಕೊಂಡ ಹಾಗೆ. ಮೂರನೆಯ ತಿಂಗಳು, ಎರಡನೆಯ ತಿಂಗಳು, ಮೂವತ್ತೈದನೆಯ ದಿನ. ಎಲ್ಲಕ್ಕಿಂತ ಅಡಿಯಲ್ಲಿ, ಬಿದಿರಿನ ಎರಡು ಬುಡಗಳ ನಡುವೆ ಕೊಕ್ಕೆ ಏನನ್ನೋ ತಾಕಿ ಟಣ್ ಎಂದಿತು.

ಕೈ ಹಾಕಿ ತೆಗೆದಳು. ಮಡಿಕೆ. ಒಡೆದಿರಲಿಲ್ಲ. ಬಾಯಿಗೆ ಕಟ್ಟಿದ್ದ ಬಾತಿಕ್ಕಿನ ಇಡೀ ಚೌಕ ಕೊಳೆತಿದ್ದರೂ ಅಮ್ಮ ಹೊಲಿದ ಅಂಚು ಹಾಗೇ ಇತ್ತು.

ಪಾಳಿಗೆ ತಡವಾಗುತ್ತದೆಂದು ಪ್ರಮೊನೊ ತೆಪ್ಪ ಹತ್ತಿರಲಿಲ್ಲ. ಮನೆಯ ಹಿಂದಿನಿಂದ ಸೇತುವೆಯಡಿಗೆ ಬಂದು, ದಡದಿಂದಲೇ ತಳ್ಳಿ ಹೋಗಿದ್ದ. ಮಡಿಕೆ ಹತ್ತು ಮಾರೂ ಹೋಗಿರಲಿಲ್ಲ. ಬಿದಿರಿಗೆ ಸಿಕ್ಕಿ, ಬಿಡಿಸಿಕೊಳ್ಳಲು ನೀರಿನ ಒಂದು ನೂಕು ಕಾದಿರಬೇಕು. ಆ ನೂಕು ಬರುವ ಮುಂಚೆ ಮೇಲಿನಿಂದ ಮೊದಲ ಚೀಲ ಬಿದ್ದಿತ್ತು. ಆಮೇಲೆ ದಿನಾ ಮುಸ್ಸಂಜೆ, ಬಾಂಗಿಗೆ ಮುಂಚೆ, ತಣ್ಣಗಿರು ತಣ್ಣಗಿರು ಎನ್ನುತ್ತ ಅಕ್ಕನ ಹೊಲಸನ್ನೆಲ್ಲ ತಮ್ಮನ ಎದೆಯ ಮೇಲೆ ಒಟ್ಟಿದ್ದರು. ಅವಳೂ ಒಟ್ಟಿದ್ದಳು, ತನ್ನ ಕೈಯಾರೆ. ಅರುಮಿ ಅಳುತ್ತಿದ್ದದ್ದು ಆ ಹೊತ್ತಿಗೇ.

ವೆನಿಂಗ್ ಮಡಿಕೆಯನ್ನು ಎದೆಗೊತ್ತಿಕೊಂಡು ಕೆಸರಿನಲ್ಲೇ ಕುಳಿತಳು. “ಇಲ್ಲೇ ಇದ್ಯಾ ಕಂದಾ” ಎಂದಳು. “ಇಷ್ಟು ದಿನಾನೂ ಇಲ್ಲೇ ಇದ್ಯಾ.” ಜುಮಾಂಗಿನ್ ಟೋಪಿ ತೆಗೆದು ಬೇರೆ ಕಡೆ ನೋಡಿದ.

ಯಾರೋ ಹೋಗಿ ಹೇಳಿರಬೇಕು, ಸುರಾತಿ ಮಂಡಿ ಹಿಡಿದುಕೊಂಡು ದಡಕ್ಕೆ ಇಳಿದು ಬಂದಳು. ಬೈಯಲೆಂದೇ ಬಂದವಳು. “ಹುಚ್ಚು ಹಿಡಿದಿದ್ಯಾ ನಿನಗೆ, ಕೂಸನ್ನ ಬಿಟ್ಟು...” ಎಂದು ಶುರು ಮಾಡಿದ ಮಾತು ಮಡಿಕೆ ಕಂಡು ಅಲ್ಲೇ ನಿಂತಿತು. ಹತ್ತಿರ ಬಂದು ಅದರ ಅಂಚು ಮುಟ್ಟಿದಳು, ಬಟ್ಟೆ ಮುಟ್ಟಿದಳು. ಸೊಸೆಯ ಹೆಗಲ ಮೇಲಿನ ಪಟ್ಟಿಗಳನ್ನು ನೋಡಿದಳು. ತಾನೇ ಹರಿದದ್ದು, ತಾನೇ ಕಟ್ಟಿದ್ದು. ಆಮೇಲೆ ಹೊಳೆಯ ಕಡೆ ತಿರುಗಿ, ಅದು ಸಮುದ್ರಕ್ಕೆ ಹೋಗುವ ದಿಕ್ಕಿನಲ್ಲಿ ಬಹಳ ಹೊತ್ತು ನೋಡಿದಳು.

“ಸುಗೆಂಗ್ ತಮ್ಮನ್ನ ಪ್ರಮೊನೊ ಅಪ್ಪನೂ ಇಲ್ಲಿಂದ್ಲೇ ಬಿಟ್ಟಿದ್ದು” ಎಂದಳು ಮೆಲ್ಲಗೆ. “ಅವ್ರಿಗೂ ಯಾವಾಗ್ಲೂ ಅವಸರ.”

ಕೇಳೋಣವೆಂದರೆ ಆ ಮನುಷ್ಯ ಸತ್ತು ಒಂಬತ್ತು ವರ್ಷ. ವೆನಿಂಗ್ ಸಮಾಧಾನ ಹೇಳಲು ಹೊರಟಳು. ಆಗ ಹೊಳೆ ತುಂಬಿ ಹರೀತಿತ್ತು ಬು, ಆಗ ಇದೆಲ್ಲ ಇರ್ಲಿಲ್ಲ ಎನ್ನಬೇಕೆಂದುಕೊಂಡಳು. ಅಂದಳೂ. ಸುರಾತಿ ಹೌದೌದು ಎಂದು ತಲೆಯಾಡಿಸಿದಳು. ಆದರೆ ಅವಳ ಕಣ್ಣು ಆ ರಾಶಿಯನ್ನು ಬಿಟ್ಟು ಬರಲಿಲ್ಲ.

ಮಡಿಕೆಯನ್ನು ಮುಂಬಾಗಿಲಿನ ಹೊಸಿಲ ಪಕ್ಕ ಹೂಳಿದರು. ಗುಂಡಿ ತೋಡಿದ್ದು ಪ್ರಮೊನೊ. ಅವನು ತಲೆ ಎತ್ತಲಿಲ್ಲ, ಅವನನ್ನು ಯಾರೂ ಏನೂ ಕೇಳಲಿಲ್ಲ. ನಡುವೆ ಬಂದ ಯುಯುನ್, ಊರವರು ಓಡಾಡುವ ಕಡೆ ಇದೇನು ಎಂದು ಬಾಯಿ ತೆಗೆದವಳು ತಾಯಿಯ ಮುಖ ನೋಡಿ ಮುಚ್ಚಿದಳು. ತೆಪ್ಪದ ಮೇಲೆ ಒಟ್ಟಿದ ಚೀಲಗಳನ್ನು ಏನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ಅವು ತೆಪ್ಪದ ಮೇಲೇ ಉಳಿದವು. ಕೋಣೆಯಲ್ಲಿ ಡಬ್ಬಗಳೂ ಸೂರಿನವರೆಗೆ ಹಾಗೇ ಉಳಿದವು. ವೆನಿಂಗ್ ಮೈ ತೊಳೆದು, ಪಟ್ಟಿಗಳನ್ನು ಬಿಸಿನೀರಿನಲ್ಲಿ ನೆನೆಹಾಕಿ, ದಿಂಬಿನೊಳಗಿಂದ ಒಂದು ಚೌಕ ತೆಗೆದು ಅರುಮಿಗೆ ಕಟ್ಟಿದಳು. ಹೊಸಿಲ ಬಳಿ ದೀಪ ಹಚ್ಚಿ, ಮೇಲೆ ಬುಟ್ಟಿ ಕವುಚಿದಳು.

ಬಾಂಗು ಕೂಗಿತು. ವೆನಿಂಗ್ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಉಸಿರು ಹಿಡಿದು ಕುಳಿತಿದ್ದಳು. ಅರುಮಿ ಒಮ್ಮೆ ಆಕಳಿಸಿದಳು. ಮೊಲೆಗೆ ಬಾಯಿ ಹಾಕಿ, ಕಣ್ಣು ಮುಚ್ಚಿ, ಗುಟುಕು ಗುಟುಕಾಗಿ ಕುಡಿಯತೊಡಗಿದಳು. ಬಾಂಗು ಮುಗಿಯಿತು. ಕೂಸು ಅಳಲಿಲ್ಲ. ವೆನಿಂಗ್‌ಗೆ ಅಳು ಬಂತು.

ಅದನ್ನು ಹೇಳಲೆಂದೇ ಕೂಸನ್ನು ಎತ್ತಿಕೊಂಡು ಹಿಂದಕ್ಕೆ ಹೋದಳು. ಸುರಾತಿ ಹಿತ್ತಿಲ ಮೆಟ್ಟಿಲ ಮೇಲೆ ಹೊಳೆಗೆ ಮುಖ ಮಾಡಿ ಕುಳಿತಿದ್ದಳು. ದೂರದಲ್ಲಿ ಸೇತುವೆಯ ಮೇಲೆ ಒಂದು ಮೋಟಾರು ಸೈಕಲ್ಲು ನಿಧಾನವಾಯಿತು, ಕೆಳಗೆ ಏನೋ ಪಳಕ್ಕನೆ ಬಿತ್ತು, ಸೈಕಲ್ಲು ಮುಂದೆ ಹೋಯಿತು. ಸುರಾತಿ ಬೆಚ್ಚಿದಳು.

“ಬು, ಇವತ್ತು ಅಳ್ಲಿಲ್ಲ ನೋಡಿ.”

ಸುರಾತಿ ತಿರುಗಲಿಲ್ಲ. “ಅಳ್ತಿದಾನಲ್ಲ” ಎಂದಳು. “ನಿನಗೆ ಕೇಳಿಸ್ತಿಲ್ವಾ?”

ವೆನಿಂಗ್ ಕಿವಿಗೊಟ್ಟಳು. ನೀರಿನ ಸದ್ದು, ಅಷ್ಟೇ. ಕತ್ತಲು ಕವಿಯುತ್ತಿತ್ತು. ಅವಳು ಅಗುಳಿಯ ಮೇಲೆ ಕೈಯಿಟ್ಟಳು.

“ಹೊತ್ತು ಮುಳುಗ್ತು, ಒಳಗೆ ಬನ್ನಿ. ಬಾಗಿಲು ಹಾಕ್ತೀನಿ.”

“ಬೇಡ ಮಗಳೇ” ಎಂದಳು ಸುರಾತಿ. “ತೆಗೆದಿರ್ಲಿ. ಸುಗೆಂಗ್ ಐದು ತಿಂಗಳ ಕೂಸು, ಬಾಗಿಲು ಹಾಕಿದ್ರೆ ತಳ್ಳೋಕೆ ಬರಲ್ಲ ಅದಕ್ಕೆ.”